ಸೂರಿನ ದುರಸ್ತಿಗೆ ಎಷ್ಟು ವರ್ಷದ ಉಳಿತಾಯ?

ಮಳೆಗಾಲ ಮುಗಿಯುತ್ತಿದ್ದಂತೆ ನಮ್ಮ ಊರುಗಳ ಎಷ್ಟೋ ಮನೆಗಳಲ್ಲಿ ಕೇಳುವ ಮಾತು ಒಂದೇ: ‘ಈ ಸಲ ಹೇಗೋ ಕಳೀತು, ಮುಂದಿನ ಮಳೆಯೊಳಗೆ ಮಾಡಿಸಿಬಿಡೋಣ.’ ಬೇಸಿಗೆಯಲ್ಲಿ ಮಗಳ ಕಾಲೇಜು ಶುಲ್ಕ ಬರುತ್ತದೆ, ನಂಟರ ಮದುವೆ ಬರುತ್ತದೆ, ಅಪ್ಪನ ಕಣ್ಣಿನ ಆಪರೇಷನ್ ಬರುತ್ತದೆ. ಮೃಗಶಿರಾ ಮಳೆ ಶುರುವಾದಾಗ ತಾರಸಿಯ ಬಿರುಕು ಹಾಗೆಯೇ ಇರುತ್ತದೆ. ನಡುಮನೆಯಲ್ಲಿ ಮತ್ತೆ ಬಕೆಟ್ ಇಡಬೇಕಾಗುತ್ತದೆ.

ಇದನ್ನು ಸೋಮಾರಿತನ ಎನ್ನುವುದು ತಪ್ಪು. ಮನೆ ದುರಸ್ತಿ ಮುಂದೆ ಹೋಗುವುದು ಬಹುಪಾಲು ಲೆಕ್ಕದ ಕಾರಣಕ್ಕೆ. ಸಾಮಾನ್ಯ ಕುಟುಂಬವೊಂದು ಇಂಥ ಕೆಲಸಕ್ಕೆ ಎಷ್ಟು ಬೇಗ ದುಡ್ಡು ಜೋಡಿಸಬಲ್ಲದು ಎಂಬ ಪ್ರಶ್ನೆಗೆ ಉತ್ತರವಿದೆ. ಅದನ್ನು ಒಮ್ಮೆ ಕೂತು ಬರೆದು ನೋಡಿದರೆ ದಾರಿಯೂ ಕಾಣುತ್ತದೆ.

ಸರಾಸರಿ ಮನೆಯ ಕೈಯಲ್ಲಿ ಉಳಿಯುವುದೆಷ್ಟು?

ಗ್ರಾಮೀಣ ಕುಟುಂಬಗಳ ಹಣಕಾಸಿನ ಸ್ಥಿತಿ ಕುರಿತು ನಬಾರ್ಡ್ 2021–22ನೇ ಸಾಲಿಗೆ ದೇಶವ್ಯಾಪಿ ಸಮೀಕ್ಷೆ ನಡೆಸಿತ್ತು. ಅದರ ಫಲಿತಾಂಶ 2024ರಲ್ಲಿ ಹೊರಬಂತು. ಹಳ್ಳಿ ಮತ್ತು ಸಣ್ಣ ಊರುಗಳ ಕುಟುಂಬವೊಂದರ ಸರಾಸರಿ ತಿಂಗಳ ಆದಾಯ 12,698 ರೂಪಾಯಿ, ಖರ್ಚು 11,262 ರೂಪಾಯಿ. ಬ್ಯಾಂಕು, ಅಂಚೆ ಕಚೇರಿ, ಸಂಘಗಳಲ್ಲೆಲ್ಲ ಸೇರಿ ವರ್ಷಕ್ಕೆ ಉಳಿಯುತ್ತಿದ್ದದ್ದು 13,209 ರೂಪಾಯಿ. ಅಂದರೆ ತಿಂಗಳಿಗೆ 1,100ರ ಆಸುಪಾಸು. ಅದೇ ಸಮೀಕ್ಷೆಯ ಪ್ರಕಾರ ನೂರರಲ್ಲಿ 52 ಕುಟುಂಬಗಳ ಮೇಲೆ ಸಾಲವೂ ಇತ್ತು.

ಈಗ ಒಂದು ಕೆಲಸ ಇಟ್ಟುಕೊಳ್ಳೋಣ. ತಾರಸಿಯ ಸೋರಿಕೆ ನಿಲ್ಲಿಸುವುದು, ಬಚ್ಚಲುಮನೆಯ ಪೈಪು ಬದಲಿಸುವುದು, ಗೋಡೆಗೆ ಬಣ್ಣ ಹೊಡೆಸುವುದು, ಎಲ್ಲ ಸೇರಿ ಮೇಸ್ತ್ರಿ 60,000 ರೂಪಾಯಿ ಆಗುತ್ತದೆ ಎಂದಿದ್ದಾರೆ. ಉಳಿದದ್ದನ್ನೆಲ್ಲ ಇದಕ್ಕೇ ತೆಗೆದಿಟ್ಟರೂ 13,209ರಂತೆ ನಾಲ್ಕೂವರೆ ವರ್ಷ ಬೇಕು. ಅಷ್ಟು ವರ್ಷ ಮೇಸ್ತ್ರಿಯ ಕೂಲಿಯೂ ಸಾಮಾನಿನ ದರವೂ ನಿಂತಲ್ಲೇ ನಿಲ್ಲುವುದಿಲ್ಲ. ವರ್ಷಕ್ಕೆ ಶೇ 6ರಷ್ಟು ಏರುತ್ತದೆಂದು ಹಿಡಿದರೆ ಇಂದಿನ 60,000ದ ಕೆಲಸ ಐದು ವರ್ಷದ ನಂತರ 80,000 ದಾಟುತ್ತದೆ.

ಅಂಚೆ ಕಚೇರಿಯ ಐದು ವರ್ಷದ ಆರ್‌ಡಿ ಖಾತೆಗೆ 2023ರ ಅಕ್ಟೋಬರ್‌ನಲ್ಲಿ ಶೇ 6.7ರ ಬಡ್ಡಿ ನಿಗದಿಯಾಯಿತು. ಅದೇ ದರದಲ್ಲಿ ತಿಂಗಳಿಗೆ 1,100 ಕಟ್ಟುತ್ತ ಹೋದರೆ ಐದು ವರ್ಷಕ್ಕೆ ಕೈಗೆ ಬರುವುದು ಸುಮಾರು 78,500. ಕೆಲಸದ ಬೆಲೆ ಅಷ್ಟರಲ್ಲಿ ಅದಕ್ಕಿಂತ ಸ್ವಲ್ಪ ಮುಂದಿರುತ್ತದೆ. ಇನ್ನೂ ಎರಡು ಕಂತು ಕಟ್ಟಿದ ಮೇಲೆ, ಅಂದರೆ 62ನೇ ತಿಂಗಳ ಹೊತ್ತಿಗೆ, ದುಡ್ಡೂ ಕೆಲಸವೂ ಸರಿಸಮ ಆಗುತ್ತವೆ. ಐದು ಮಳೆಗಾಲ ಕಳೆದ ಮೇಲೆ!

ಬಡ್ಡಿಗಿಂತ ಕಂತು ದೊಡ್ಡದು

ಉಳಿತಾಯದ ಮಾತು ಬಂದಾಗ ನಾವು ಮೊದಲು ಕೇಳುವುದು ‘ಎಲ್ಲಿ ಬಡ್ಡಿ ಜಾಸ್ತಿ?’ ಎಂದು. ದುರಸ್ತಿಯಂಥ ಹತ್ತಿರದ ಗುರಿಗೆ ಆ ಪ್ರಶ್ನೆಯ ತೂಕ ಕಡಿಮೆ. ಮೇಲಿನ ಲೆಕ್ಕದಲ್ಲಿ ಬಡ್ಡಿಯನ್ನು ಪೂರಾ ಒಂದು ಶೇಕಡಾ ಹೆಚ್ಚಿಸಿ ನೋಡಿದರೆ ಗುರಿ ಸುಮಾರು ಎರಡು ತಿಂಗಳು ಮುಂಚೆ ಮುಟ್ಟುತ್ತದೆ, ಅಷ್ಟೇ. ಬಡ್ಡಿ ಹಾಗೆಯೇ ಇದ್ದು ತಿಂಗಳ ಕಂತು 1,100ರಿಂದ 2,200ಕ್ಕೆ ಏರಿದರೆ 62 ತಿಂಗಳ ದಾರಿ 29 ತಿಂಗಳಿಗೆ ಇಳಿಯುತ್ತದೆ. ಕಂತು ಎರಡು ಪಟ್ಟಾದರೆ ಅವಧಿ ಅರ್ಧಕ್ಕಿಂತಲೂ ಕಡಿಮೆಯಾಗುವುದಕ್ಕೆ ಕಾರಣವಿದೆ. ಬೇಗ ಮುಗಿಸಿದಷ್ಟೂ ಬೆಲೆ ಏರುವುದಕ್ಕೆ ಸಮಯ ಸಿಗುವುದಿಲ್ಲ.

ಹೆಚ್ಚುವರಿ ಸಾವಿರ ರೂಪಾಯಿ ಎಲ್ಲಿಂದ ತರುವುದು? ಖರ್ಚು ಕಡಿಮೆ ಮಾಡಿ ಎಂದು ಹೇಳುವುದು ಸುಲಭ. ತಿಂಗಳಿಗೆ ಹನ್ನೊಂದು ಸಾವಿರದಲ್ಲಿ ಸಂಸಾರ ತೂಗಿಸುವವರಿಗೆ ಹಾಗೆ ಹೇಳುವ ಹಕ್ಕು ಯಾರಿಗೂ ಇಲ್ಲ. ನೋಡಬೇಕಾದದ್ದು ಹೊಸದಾಗಿ ಬರುವ ಹಣವನ್ನು ಮತ್ತು ಕಟ್ಟಿ ಮುಗಿದ ಕಂತನ್ನು.

2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಚಾಲನೆ ಪಡೆದ ಗೃಹಲಕ್ಷ್ಮಿ ಯೋಜನೆಯಲ್ಲಿ ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ ಬರುತ್ತದೆ. ವರ್ಷಕ್ಕೆ 24,000. ನಬಾರ್ಡ್ ಹೇಳಿದ ಸರಾಸರಿ ಉಳಿತಾಯದ ಪಕ್ಕ ಇಟ್ಟು ನೋಡಿದರೆ ಇದು ಎಷ್ಟು ದೊಡ್ಡ ಮೊತ್ತ ಎಂಬುದು ತಿಳಿಯುತ್ತದೆ. ಎಷ್ಟೋ ಮನೆಗಳಲ್ಲಿ ಈ ಹಣ ದಿನಸಿಗೆ, ಔಷಧಕ್ಕೆ, ಮಕ್ಕಳ ಓದಿಗೆ ಹೋಗುತ್ತದೆ, ಹೋಗಬೇಕಾದದ್ದೂ ಹೌದು. ಅದರಲ್ಲಿ ಅರ್ಧವನ್ನು ಬದಿಗಿಡಲು ಸಾಧ್ಯವಾದ ಮನೆಗೆ ಮೇಲಿನ ದುರಸ್ತಿ ಸುಮಾರು ಎರಡೂವರೆ ವರ್ಷದಲ್ಲಿ ಕೈಗೆಟುಕುತ್ತದೆ. ಕಂತು ಬರುವುದು ತಡವಾಗುವುದೂ ಉಂಟು. ಹಾಗಾಗಿ ಈ ಹಣವನ್ನೇ ನಂಬಿ ಸಾಲದ ಕಂತು ಒಪ್ಪಿಕೊಳ್ಳುವುದು ಬೇಡ.

ಪಟ್ಟಣದ ಸಂಬಳದಾರರಿಗೆ ದಾರಿ ಬೇರೆ. ಬೈಕಿನ ಸಾಲ ತೀರಿತು, ತಿಂಗಳಿಗೆ 3,500 ರೂಪಾಯಿ ಬಿಡುವಾಯಿತು ಎನ್ನಿ. ಎರಡು ಮೂರು ತಿಂಗಳು ಕಳೆಯುವುದರೊಳಗೆ ಆ ಹಣ ಎಲ್ಲಿ ಹೋಯಿತೆಂದೇ ತಿಳಿಯುವುದಿಲ್ಲ. ಸಾಲ ತೀರಿದ ಮರುತಿಂಗಳೇ ಅದೇ ತಾರೀಖಿಗೆ ಅದೇ ಮೊತ್ತ ಆರ್‌ಡಿಗೆ ಹೋಗುವಂತೆ ಬ್ಯಾಂಕಿಗೆ ಸೂಚನೆ ಕೊಟ್ಟರೆ ಮನೆಯ ಖರ್ಚಿಗೆ ಯಾವ ಹೊಡೆತವೂ ಬೀಳುವುದಿಲ್ಲ. ತಿಂಗಳಿಗೆ 5,000 ಉಳಿಸುತ್ತಿದ್ದ ಕುಟುಂಬ ಅಡುಗೆಮನೆ ಸರಿಪಡಿಸಲು ಎರಡು ಲಕ್ಷ ಜೋಡಿಸುವುದಕ್ಕೆ ಮೂರು ವರ್ಷ ಬೇಕಾಗುತ್ತಿತ್ತು. ಮುಗಿದ ಕಂತಿನ 3,500 ಸೇರಿಸಿದರೆ 22 ತಿಂಗಳು ಸಾಕು.

ನೀರು ಕಾಯುವುದಿಲ್ಲ

ಲೆಕ್ಕದಲ್ಲಿ ನಾವು ಶೇ 6ರ ಬೆಲೆ ಏರಿಕೆಯನ್ನಷ್ಟೇ ಹಿಡಿದೆವು. ಕೆಲವು ಕೆಲಸಗಳಲ್ಲಿ ಬೆಲೆಗಿಂತ ವೇಗವಾಗಿ ಕೆಲಸವೇ ಬೆಳೆಯುತ್ತದೆ. ಸೋರುವ ತಾರಸಿ ಅಂಥದ್ದು.

ಆರ್‌ಸಿಸಿ ತಾರಸಿಯ ಒಳಗಿರುವ ಕಬ್ಬಿಣವನ್ನು ಸುತ್ತಲಿನ ಕಾಂಕ್ರೀಟಿನ ಕ್ಷಾರಗುಣವೇ ತುಕ್ಕು ಹಿಡಿಯದಂತೆ ಕಾಪಾಡುತ್ತದೆ. ಬಿರುಕಿನ ಮೂಲಕ ನೀರು ಮತ್ತು ಗಾಳಿ ಒಳಹೊಕ್ಕರೆ ಆ ರಕ್ಷಣೆ ಹೋಗುತ್ತದೆ. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಕೇಳುತ್ತದೆ. ಒಳಗಿಂದ ತಳ್ಳಿ ತಳ್ಳಿ ಕಾಂಕ್ರೀಟನ್ನೇ ಸೀಳುತ್ತದೆ. ಬಿರುಕು ದೊಡ್ಡದಾಗುತ್ತದೆ, ಇನ್ನಷ್ಟು ನೀರು ಇಳಿಯುತ್ತದೆ. ಕರಾವಳಿಯ ಉಪ್ಪುಗಾಳಿಯಲ್ಲಿ ಇದು ಇನ್ನೂ ಬೇಗ. ಮೊದಲ ವರ್ಷ ಸೂರಿನ ಕೆಳಗೆ ತಟ್ಟೆಯಗಲದ ಹಳದಿ ಕಲೆ ಕಾಣುತ್ತದೆ. ಆಮೇಲೆ ಬಣ್ಣ ಗುಳ್ಳೆ ಎದ್ದು ಪುಡಿ ಉದುರುತ್ತದೆ. ಮುಂದೆ ಒಂದು ದಿನ ಗಾರೆಯ ಹಲ್ಲೆಯೇ ಕಳಚಿ ಬಿದ್ದು ಕೆಂಪಡರಿದ ಕಂಬಿ ಹೊರಗೆ ಕಾಣುತ್ತದೆ.

ಅನುಭವಿ ಮೇಸ್ತ್ರಿ ಮೊದಲು ಮಾಡುವುದು ಸುತ್ತಿಗೆಯ ಹಿಂಬದಿಯಿಂದ ಸೂರನ್ನು ಅಲ್ಲಲ್ಲಿ ಮೆಲ್ಲಗೆ ತಟ್ಟುವ ಕೆಲಸ. ಗಟ್ಟಿ ಇರುವ ಕಡೆ ‘ಟಣ್’ ಎನ್ನುತ್ತದೆ, ಬಿಟ್ಟುಕೊಂಡಿರುವ ಕಡೆ ಪೊಳ್ಳು ಸದ್ದು ಬರುತ್ತದೆ. ಪೊಳ್ಳು ಸದ್ದಿನ ಜಾಗಕ್ಕೆ ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತ ಹೋಗಿ ಕೊನೆಗೆ ಹೇಳುತ್ತಾರೆ: ‘ಅಕ್ಕಾ, ಎರಡು ವರ್ಷದ ಹಿಂದೆ ಕರೆದಿದ್ದರೆ ಮೇಲಿನ ಬಿರುಕು ತುಂಬಿದ್ದರೇ ಆಗೋಗೋದು. ಈಗ ಕೆಳಗೆಲ್ಲ ಕೆತ್ತಿ ಕಂಬಿ ಉಜ್ಜಬೇಕು.’ ಕೆಲಸದ ಪಟ್ಟಿಯೇ ಬದಲಾಗಿಬಿಟ್ಟಿರುತ್ತದೆ. ಇಂಥ ನಷ್ಟವನ್ನು ಯಾವ ಠೇವಣಿಯ ಬಡ್ಡಿಯೂ ತುಂಬಿಕೊಡುವುದಿಲ್ಲ.

ಹೆಂಚಿನ ಮನೆಗೂ ಇದೇ ಮಾತು. ಒಡೆದ ನಾಲ್ಕು ಹೆಂಚು ಬದಲಿಸುವ ಖರ್ಚು ಅಲ್ಪ. ಬಿಟ್ಟರೆ ಕೆಳಗಿನ ರೀಪು, ಪಕಾಸು ನೆನೆದು ಲಡ್ಡಾಗುತ್ತವೆ, ಮರದ ಕೆಲಸ ಮೈಮೇಲೆ ಬರುತ್ತದೆ. ಉತ್ತರ ಕರ್ನಾಟಕದ ಮಾಳಿಗೆ ಮನೆಯವರು ಮಳೆಗೆ ಮುಂಚೆ ಮೇಲ್ಮುದ್ದೆ ಹಾಕಿಸುತ್ತ ಬಂದದ್ದು ಇದೇ ತಿಳಿವಳಿಕೆಯಿಂದ. ವರ್ಷ ವರ್ಷದ ಸಣ್ಣ ಖರ್ಚು ಜಂತಿಯನ್ನು ಉಳಿಸುತ್ತಿತ್ತು.

ಆದ್ದರಿಂದ 60,000ದ ಪಟ್ಟಿಯನ್ನು ಒಡೆಯಬೇಕು. ಉದಾಹರಣೆಗೆ ತಾರಸಿಗೆ 25,000, ಬಚ್ಚಲುಮನೆಗೆ 20,000, ಬಣ್ಣಕ್ಕೆ 15,000 ಎಂದುಕೊಳ್ಳಿ. ಎಲ್ಲವನ್ನೂ ಒಟ್ಟಿಗೇ ಮಾಡಿಸುತ್ತೇವೆ ಎಂದು ಕುಳಿತರೆ ತಾರಸಿ ಐದು ವರ್ಷ ನೆನೆಯುತ್ತದೆ. ತಾರಸಿಯೊಂದನ್ನೇ ಗುರಿಯಾಗಿಟ್ಟುಕೊಂಡರೆ ತಿಂಗಳಿಗೆ 1,100 ಉಳಿಸುವ ಮನೆಯೂ ಎರಡು ವರ್ಷಕ್ಕೆ ಮುಟ್ಟುತ್ತದೆ. ನೀರಿನ ಕೆಲಸ ಮೊದಲು, ನಂತರ ಕರೆಂಟಿನದು, ಆಮೇಲೆ ಅನುಕೂಲದ್ದು, ಕೊನೆಗೆ ಅಂದದ್ದು. ಈ ಅನುಕ್ರಮ ತಲೆಕೆಳಗಾಗುವುದೇ ಹೆಚ್ಚು. ಹಬ್ಬ, ಮದುವೆ ಬಂತೆಂದು ಒದ್ದೆ ಗೋಡೆಗೇ ಪುಟ್ಟಿ ಮೆತ್ತಿ ಬಣ್ಣ ಹೊಡೆಸುತ್ತೇವೆ. ಮರುಮಳೆಗೆ ಆ ದುಡ್ಡು ಪುಡಿಯಾಗಿ ನೆಲಕ್ಕೆ ಉದುರುತ್ತದೆ.

ಎಲ್ಲಿ ಕೂಡಿಡುವುದು?

ಸಣ್ಣ ಉಳಿತಾಯದ ವಿಷಯದಲ್ಲಿ ಕನ್ನಡ ನಾಡು ದೇಶಕ್ಕೇ ಪಾಠ ಹೇಳಿದ ನೆಲ. ಉಡುಪಿಯಲ್ಲಿ 1925ರಲ್ಲಿ ಹುಟ್ಟಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆ 1928ರಲ್ಲಿ ಪಿಗ್ಮಿ ಠೇವಣಿ ಆರಂಭಿಸಿತು. ಡಾ. ಟಿ.ಎಂ.ಎ. ಪೈ ಅದರ ಹಿಂದಿದ್ದರು. ಬ್ಯಾಂಕಿನ ಏಜೆಂಟರು ಮನೆಬಾಗಿಲಿಗೆ, ಅಂಗಡಿಬಾಗಿಲಿಗೆ ಹೋಗಿ ದಿನಕ್ಕೆ ಎರಡಾಣೆಯಷ್ಟು ಕಡಿಮೆ ಹಣವನ್ನೂ ಸಂಗ್ರಹಿಸುತ್ತಿದ್ದರು. ಆ ಬ್ಯಾಂಕು 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಪಿಗ್ಮಿ ಎಂಬ ಪದ್ಧತಿ ಮಾತ್ರ ಇಂದಿಗೂ ಸಹಕಾರಿ ಬ್ಯಾಂಕು, ಸೊಸೈಟಿಗಳಲ್ಲಿ ಜೀವಂತ. ದಿನಗೂಲಿಯವರು, ತರಕಾರಿ ಮಾರುವವರು, ಹೋಟೆಲಿನವರು ದುಡಿದ ದಿನವೇ ಐವತ್ತು ನೂರು ಎತ್ತಿಡುತ್ತಾರೆ. ತಿಂಗಳ ಕೊನೆಯಲ್ಲಿ ಉಳಿದದ್ದನ್ನು ಕಟ್ಟುತ್ತೇವೆ ಎಂದರೆ ಉಳಿಯುವುದೇ ಇಲ್ಲ ಎಂಬ ಸತ್ಯವನ್ನು ಆ ಯೋಜನೆ ಚೆನ್ನಾಗಿ ಅರಿತಿತ್ತು.

ಅಂಚೆ ಕಚೇರಿಯ ಆರ್‌ಡಿ ತಿಂಗಳಿಗೆ ನೂರು ರೂಪಾಯಿಯಿಂದಲೇ ಶುರುವಾಗುತ್ತದೆ. ಹನ್ನೆರಡು ಕಂತು ಕಟ್ಟಿದ ಮೇಲೆ ಕಟ್ಟಿದ ಹಣದ ಅರ್ಧದವರೆಗೆ ಸಾಲ ಪಡೆಯಬಹುದು, ಮೂರು ವರ್ಷದ ಮೇಲೆ ಖಾತೆ ಮುಚ್ಚಲೂ ಅವಕಾಶವಿದೆ. ಒಂದೆರಡು ವರ್ಷದ ಗುರಿಗೆ ಬ್ಯಾಂಕಿನ ಆರ್‌ಡಿ ಅನುಕೂಲ. ಒಂದು ಎಚ್ಚರಿಕೆ: ಬ್ಯಾಂಕು ಮುಳುಗಿದರೆ ಐದು ಲಕ್ಷದವರೆಗಿನ ಠೇವಣಿಗೆ ವಿಮೆಯ ರಕ್ಷಣೆ ಇದೆ, ಸಹಕಾರಿ ಬ್ಯಾಂಕುಗಳಿಗೂ ಇದೆ. ಪತ್ತಿನ ಸಹಕಾರ ಸಂಘಗಳಿಗೆ ಆ ವಿಮೆ ಇಲ್ಲ. ಹೆಸರಿನಲ್ಲಿ ಬ್ಯಾಂಕಿನ ಹೋಲಿಕೆ ಇದ್ದರೆ ಸಾಲದು, ಅದು ಬ್ಯಾಂಕೋ ಸಂಘವೋ ಎಂದು ಕೇಳಿ ತಿಳಿಯಬೇಕು.

ಚೀಟಿ ನಮ್ಮಲ್ಲಿ ಎಲ್ಲೆಡೆ ಇದೆ. ಇಪ್ಪತ್ತು ಜನ ತಿಂಗಳಿಗೆ 3,000ದಂತೆ ಹಾಕಿದರೆ 60,000ದ ಚೀಟಿ. ಅವಸರವಿದ್ದವರು ಮೊದಲ ತಿಂಗಳುಗಳಲ್ಲೇ ಕೂಗಿ ಎತ್ತುತ್ತಾರೆ. 15,000 ಬಿಟ್ಟು ಕೂಗಿದರೆ ಕೈಗೆ 45,000 ಬರುತ್ತದೆ. ಬಿಟ್ಟ ಹಣದಲ್ಲಿ ಚೀಟಿ ನಡೆಸುವವರ ಕಮಿಷನ್ ಹೋಗಿ ಉಳಿದದ್ದು ಎಲ್ಲರಿಗೂ ಹಂಚಿಕೆಯಾಗುತ್ತದೆ. ಕಮಿಷನ್ನಿನ ಮಿತಿ ಶೇ 5 ಇದ್ದದ್ದು 2019ರ ತಿದ್ದುಪಡಿಯಿಂದ ಶೇ 7 ಆಗಿದೆ. ಕಾದವರಿಗೆ ಲಾಭ, ಅವಸರದವರಿಗೆ ನಷ್ಟ. ಆದರೂ ಬಾಯಿಮಾತಿನ ಚೀಟಿಯ ನಿಜವಾದ ಅಪಾಯ ಇದಲ್ಲ. ನಡೆಸುವವರು ಊರು ಬಿಟ್ಟರೆ ಎಲ್ಲವೂ ಹೋಯಿತು. 1982ರ ಚಿಟ್ ಫಂಡ್ ಕಾಯ್ದೆಯಡಿ ನೋಂದಣಿಯಾದ ಚೀಟಿಗೆ ಮಾತ್ರ ಕಾನೂನಿನ ಬೆಂಬಲ ಇರುತ್ತದೆ. ನಮ್ಮ ರಾಜ್ಯದಲ್ಲಿ ಸರ್ಕಾರಿ ಸಂಸ್ಥೆಯಾದ ಎಂಎಸ್‌ಐಎಲ್ ಕೂಡ ಚೀಟಿ ನಡೆಸುತ್ತದೆ.

ರೈತ ಕುಟುಂಬಕ್ಕೆ ತಿಂಗಳ ಕಂತು ಒಗ್ಗುವುದಿಲ್ಲ. ಕಬ್ಬಿನ ಬಿಲ್ಲು, ಅಡಿಕೆ ದುಡ್ಡು ಒಮ್ಮೆಗೇ ಬರುತ್ತದೆ, ಹಳೆಯ ಬಾಕಿಗೆ ಒಮ್ಮೆಗೇ ಹೋಗುತ್ತದೆ. ಅವರ ಪಾಲಿಗೆ ಹಾಲಿನ ಬಟವಾಡೆಯೇ ಸಂಬಳ. ಡೇರಿಗೆ ಹಾಕುವ ಹಾಲಿಗೆ ರಾಜ್ಯ ಸರ್ಕಾರ ಲೀಟರಿಗೆ ಐದು ರೂಪಾಯಿ ಪ್ರೋತ್ಸಾಹಧನ ಕೊಡುತ್ತದೆ. ದಿನಕ್ಕೆ ಎಂಟು ಲೀಟರ್ ಹಾಕುವ ಮನೆಗೆ ಅದೊಂದರಿಂದಲೇ ತಿಂಗಳಿಗೆ 1,200 ರೂಪಾಯಿ ಬೀಳುತ್ತದೆ. ಬಂದಾಗಲೆಲ್ಲ ಅದನ್ನು ಮನೆಗೆಂದೇ ಎತ್ತಿಟ್ಟರೆ ಹಾಲಿನ ದುಡ್ಡೇ ಸೂರು ಕಾಯುತ್ತದೆ. ಬೆಳೆಯ ದುಡ್ಡು ಬಂದಾಗ ಇಟ್ಟಿಗೆ, ಜಲ್ಲಿ, ಎಂ–ಸ್ಯಾಂಡ್ ತಂದು ಹಾಕಿಕೊಳ್ಳುವುದೂ ಉಳಿತಾಯವೇ. ಸಿಮೆಂಟನ್ನು ಮಾತ್ರ ಹಾಗೆ ಕೂಡಿಡಬಾರದು. ಮೂರು ತಿಂಗಳು ದಾಟಿದ ಚೀಲದ ಬಲ ಕುಗ್ಗುತ್ತದೆ. ಟೈಲ್ಸನ್ನು ಕಂತಿನಲ್ಲಿ ಕೊಂಡರೆ ಲಾಟು ಬದಲಾಗಿ ಬಣ್ಣ ಹೊಂದುವುದಿಲ್ಲ.

ಸಾಲ ಯಾವಾಗ ಸರಿ?

ಸಾಲ ಮಾಡದೆ ದುರಸ್ತಿ ಮಾಡಿಸುವುದು ಒಳ್ಳೆಯದು ಎಂಬುದು ಹಿರಿಯರ ಮಾತು. ಬಣ್ಣಕ್ಕೆ, ಮಾಡ್ಯುಲರ್ ಅಡುಗೆಮನೆಗೆ, ಫಾಲ್ಸ್ ಸೀಲಿಂಗಿಗೆ ಅದು ಪೂರ್ತಿ ಸರಿ. ಸೋರುವ ಸೂರಿಗೆ ಲೆಕ್ಕ ಬೇರೆ.

ತಿಂಗಳಿಗೆ 2,000 ಎತ್ತಿಡಬಲ್ಲ ಕುಟುಂಬ ಆ 60,000ದ ಕೆಲಸಕ್ಕೆ ಕೂಡಿಡುತ್ತ ಹೋದರೆ, ಬೆಲೆ ಏರಿಕೆ ಸೇರಿ 33 ತಿಂಗಳು ಬೇಕು. ಕೈಯಿಂದ ಕಟ್ಟುವುದು 66,000. ಅದೇ ಕುಟುಂಬ ಇಳಿಕೆ ಬಾಕಿಯ ಮೇಲೆ ಶೇ 12ರ ಬಡ್ಡಿಗೆ ಬ್ಯಾಂಕಿನಲ್ಲಿ 60,000 ಸಾಲ ಪಡೆದು 36 ತಿಂಗಳಲ್ಲಿ ತೀರಿಸಿದರೆ ಕಂತು ಸುಮಾರು 1,993, ಒಟ್ಟು 71,700. ಹೆಚ್ಚು ತೆರುವುದು ಆರು ಸಾವಿರದಷ್ಟು. ಅದಕ್ಕೆ ಪ್ರತಿಯಾಗಿ ಸೂರು ಮೊದಲ ಮಳೆಗೇ ಗಟ್ಟಿಯಾಗುತ್ತದೆ. ನೀರಿನಿಂದಾಗುವ ಹಾನಿ ಆರು ಸಾವಿರಕ್ಕಿಂತ ಹೆಚ್ಚು ಎನಿಸಿದರೆ ಇಲ್ಲಿ ಸಾಲವೇ ವಿವೇಕ.

ಅದು ಎಂಥ ಸಾಲ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಅದೇ ಶೇ 12ನ್ನು ‘ಫ್ಲ್ಯಾಟ್’ ಎಂದು, ಅಂದರೆ ಕೊನೆಯವರೆಗೂ ಪೂರ್ತಿ ಸಾಲದ ಮೇಲೆ, ಹಾಕಿದರೆ ಮೂರು ವರ್ಷದ ಬಡ್ಡಿ 11,700ರ ಬದಲು 21,600 ಆಗುತ್ತದೆ. ‘ಮೂರು ರೂಪಾಯಿ ಬಡ್ಡಿ’ಯ ಕೈಸಾಲ ಕೇಳುವುದಕ್ಕೆ ಸಣ್ಣದು, ಆದರೆ ಅದು ತಿಂಗಳಿಗೆ ನೂರಕ್ಕೆ ಮೂರು, ವರ್ಷಕ್ಕೆ ಶೇ 36. ಅದನ್ನು ಮೂರು ವರ್ಷದ ಕಂತಿನಲ್ಲಿ ತೀರಿಸಿದರೂ 60,000ಕ್ಕೆ ಸುಮಾರು 99,000 ಕಟ್ಟಬೇಕು. ಕಿರುಸಾಲ ವಸೂಲಿಯ ಕಿರುಕುಳ ತಡೆಯಲು ರಾಜ್ಯ ಸರ್ಕಾರ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಸ್ತ್ರೀಶಕ್ತಿ ಸಂಘದ ಒಳಸಾಲ, ಬ್ಯಾಂಕಿನ ಚಿನ್ನದ ಸಾಲ, ಪಿಎಫ್‌ನ ಹಣ ಇವುಗಳನ್ನೆಲ್ಲ ವಿಚಾರಿಸಿದ ಮೇಲೂ ದಾರಿ ಕಾಣದಿದ್ದರೆ ಕೆಲಸವನ್ನೇ ಇನ್ನಷ್ಟು ಚಿಕ್ಕದಾಗಿ ಒಡೆಯಬೇಕು. ಮೀಟರ್ ಬಡ್ಡಿಯ ಬಾಗಿಲು ತಟ್ಟಬಾರದು.

ಅಂದಾಜು ಬಿಡಿಸಿ ಬರೆಸಿ

ಗುರಿಯ ಮೊತ್ತವೇ ಅಸ್ಪಷ್ಟವಾಗಿದ್ದರೆ ಉಳಿತಾಯ ನೆಲೆನಿಲ್ಲುವುದಿಲ್ಲ. ‘ಒಂದು ಒಂದೂವರೆ ಲಕ್ಷ ಆಗಬಹುದು’ ಎಂಬ ಬಾಯಂದಾಜು ಯಾವ ಕೆಲಸಕ್ಕೂ ಬಾರದು. ಕನಿಷ್ಠ ಇಬ್ಬರು ಮೇಸ್ತ್ರಿಗಳಿಂದ ಸಾಮಾನು ಬೇರೆ, ಕೂಲಿ ಬೇರೆ ಎಂದು ಬರೆಸಿಕೊಳ್ಳಬೇಕು. ಗೋಡೆ ಕೆತ್ತಿದ ಮೇಲೆ ಕಾಣುವ ಕೆಲಸ ಇದ್ದೇ ಇರುತ್ತದೆ, ಅದಕ್ಕೆಂದು ಹತ್ತಕ್ಕೊಂದು ಪಾಲು ಮೇಲಿಟ್ಟುಕೊಳ್ಳಬೇಕು. ಬೆಲೆ ಕೆಲವೊಮ್ಮೆ ಇಳಿಯುವುದೂ ಉಂಟು. 2025ರ ಸೆಪ್ಟೆಂಬರ್ 22ರಿಂದ ಸಿಮೆಂಟಿನ ಮೇಲಿನ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದಿದೆ. ತೆರಿಗೆ ಬಿಟ್ಟು 300 ರೂಪಾಯಿ ಇರುವ ಚೀಲಕ್ಕೆ ಇದರಿಂದ 30 ರೂಪಾಯಿ ಉಳಿತಾಯ. ಹಳೆಯ ಅಂದಾಜು ಇಟ್ಟುಕೊಂಡವರು ಅದನ್ನು ಹೊಸದಾಗಿ ಬರೆಸಬೇಕು.

ಇಷ್ಟೆಲ್ಲ ಹೊಣೆಯನ್ನು ಕುಟುಂಬದ ಮೇಲೆ ಹೊರಿಸಿ ಸುಮ್ಮನಾಗುವುದೂ ಸರಿಯಲ್ಲ. ಹಳ್ಳಿಯ ಹೊಸ ಮನೆಗೆ ಪ್ರಧಾನಮಂತ್ರಿ ಆವಾಸ್ ಯೋಜನೆಯಲ್ಲಿ 1.20 ಲಕ್ಷ ರೂಪಾಯಿ ಸಹಾಯಧನವಿದೆ. ಹತ್ತು ಹದಿನೈದು ವರ್ಷದ ಹಿಂದೆ ಕಟ್ಟಿದ ಮನೆ ಸೋರತೊಡಗಿದರೆ ಅದರತ್ತ ಅಷ್ಟೇ ಗಮನ ಹರಿಯುತ್ತಿಲ್ಲ. ಇಪ್ಪತ್ತು ಮೂವತ್ತು ಸಾವಿರದ ದುರಸ್ತಿ ಸಾಲವನ್ನು ಕಡಿಮೆ ಬಡ್ಡಿಗೆ, ಕಡಿಮೆ ಕಾಗದಪತ್ರದಲ್ಲಿ ಕೊಡುವ ಕೆಲಸವನ್ನು ನಮ್ಮ ಸಹಕಾರಿ ಸಂಘಗಳು ಕೈಗೆತ್ತಿಕೊಳ್ಳಬೇಕು. ಕಟ್ಟಿದ ಮನೆಯನ್ನು ಉಳಿಸಿಕೊಳ್ಳುವುದು ಹೊಸದು ಕಟ್ಟುವುದಕ್ಕಿಂತ ಯಾವತ್ತೂ ಅಗ್ಗ.

ಅಲ್ಲಿಯವರೆಗೆ ನಾವೇ ಮಾಡಬಹುದಾದದ್ದು ಇದೆ. ಈ ಭಾನುವಾರ ಒಮ್ಮೆ ತಾರಸಿ ಹತ್ತಿ, ಮಳೆನೀರು ಇಳಿಯುವ ಕೊಳವೆಯ ಬಾಯಿಗೆ ಕಟ್ಟಿಕೊಂಡ ಎಲೆ, ಮಣ್ಣು ತೆಗೆಯಿರಿ. ಅದಕ್ಕೆ ಒಂದು ರೂಪಾಯಿಯೂ ಬೇಡ. ಆಮೇಲೆ ಮನೆಮಂದಿಯೆಲ್ಲ ಕೂತು ಮನೆಯ ಕೆಲಸಗಳ ಪಟ್ಟಿ ಬರೆಯಿರಿ. ನೀರಿನ ಕೆಲಸ ಯಾವುದೋ ಅದನ್ನು ಮೊದಲ ಸಾಲಿಗೆ ತನ್ನಿ, ಅದರ ಮುಂದೆ ಮೊತ್ತ ಮತ್ತು ತಿಂಗಳು ಬರೆಯಿರಿ, ಆ ಒಂದಕ್ಕೆ ಮಾತ್ರ ಈ ತಿಂಗಳೇ ಖಾತೆ ತೆರೆಯಿರಿ. ಉಳಿದ ಕೆಲಸಗಳು ಕಾಯುತ್ತವೆ.